ಎರಡು ಕಾರ್ಡು, ಒಂದು ಪ್ರಭಾವಳಿ

ಗ್ರಾಫಿಕ್ಸ್ ಕಾರ್ಡ್ ಕೇಳಿಕೊಂಡು ಕೃಷ್ಣರಾಜಪೇಟೆಯ ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಗೇಮ್ ಆಡುವ ಕಾಲೇಜು ವಿದ್ಯಾರ್ಥಿಗಳು. ಉಳಿದವರು ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು. ಇಬ್ಬರಿಗೂ ಏನು ಹೇಳಬೇಕೆಂಬುದು ನನಗೆ ಬಾಯಿಪಾಠವಾಗಿಬಿಟ್ಟಿದೆ. ಆ ದಿನ ಬಂದಾಕೆ ಎರಡೂ ಗುಂಪಿಗೆ ಸೇರಿದವಳಲ್ಲ. ಮೂವತ್ತರ ಆಸುಪಾಸಿನ ಹೆಂಗಸು. ನಾಗಮಂಗಲದಿಂದ ಬಸ್ಸಿನಲ್ಲಿ ಬಂದಿದ್ದಳು. ಉಗುರುಗಳ ಸಂದಿಯಲ್ಲಿ ತೊಳೆದರೂ ಹೋಗದ ಮಸಿ. ಫೋನಿನಲ್ಲಿ ಎರಡು ಕಾರ್ಡುಗಳ ಚಿತ್ರ ಅಕ್ಕಪಕ್ಕ ಇದ್ದವು, ಕೆಳಗೆ ಅವುಗಳ ವಿವರ.

"ಅಕ್ಕ, ಇವೆಲ್ಡ್ರಲ್ಲಿ ಯಾವ್ದು ತಗಬೌದು? ಬೆಲೆ ಎಚ್ಚುಕಮ್ಮಿ ಒಂದೇ ಅದೆ."

"ಗೇಮಿಗಾ, ವಿಡಿಯೊಗಾ?" ಎಂದೆ.

"ಎಲ್ಡಕ್ಕೂ ಅಲ್ಲ ಅಕ್ಕ. ಪ್ರಭಾವಳಿಗೆ."

ಅರ್ಥವಾಗದೆ ಅವಳ ಮುಖ ನೋಡಿದೆ. ಅವಳು ಫೋನಿನಲ್ಲಿ ಇನ್ನೊಂದು ಚಿತ್ರ ತೆಗೆದು ತೋರಿಸಿದಳು. ದೇವರ ವಿಗ್ರಹದ ಹಿಂದೆ ಕಮಾನಿನಂತೆ ನಿಲ್ಲಿಸುತ್ತಾರಲ್ಲ, ಅಂಥ ಹಳೆಯ ಲೋಹದ ಪ್ರಭಾವಳಿ. ಬಲಭಾಗ ಪೂರ್ತಿ ಇತ್ತು: ಕೆಳಗೆ ಕಂಬ, ಕಂಬದ ಮೇಲೆ ಬಾಯ್ತೆರೆದ ಮಕರ, ಅದರ ಬಾಯಿಂದ ಹೊರಟ ಜ್ವಾಲೆಯ ಬಳ್ಳಿ ನೆತ್ತಿಯ ಸಿಂಹಮುಖದವರೆಗೆ. ಎಡಭಾಗ ಕಂಬದ ಮೇಲಕ್ಕೆ ಮುರಿದು ಹೋಗಿತ್ತು. ಮುರಿದ ತುಂಡು ಎಂದೋ ಕಳೆದುಹೋಗಿದೆ.

ಅವಳ ಮಾವ ಎರಕದ ಕೆಲಸದವರು. ನಾಗಮಂಗಲದಲ್ಲಿ ಮನೆಯ ಹಿಂದೆಯೇ ಕುಲುಮೆ. ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ನಡೆದಾಡುತ್ತಾರೆ, ಮಾತಾಡುತ್ತಾರೆ, ಆದರೆ ಮೇಣದಲ್ಲಿ ಅಚ್ಚು ಕೆತ್ತುವ ಕೈ ಹೋಯಿತು. ಗಂಡ ಲೋಹ ಕಾಯಿಸುವುದು, ಎರೆಯುವುದು, ಉಜ್ಜುವುದು ಎಲ್ಲ ಮಾಡುತ್ತಾನೆ. ಕೆತ್ತನೆ ಅವನಿಗೆ ಒಲಿದಿಲ್ಲ. ಇಂಥ ಹೊತ್ತಿನಲ್ಲಿ ಕಿಕ್ಕೇರಿ ಕಡೆಯ ಒಂದು ಊರಿನವರು ಈ ಪ್ರಭಾವಳಿ ತಂದು ಇಳಿಸಿದ್ದರು. ಶ್ರಾವಣದೊಳಗೆ ಮುರಿದ ಭಾಗ ಮಾಡಿ ಕೂಡಿಸಿಕೊಟ್ಟರೆ ಸರಿ. ಆಗದಿದ್ದರೆ ಇದನ್ನು ಕರಗಿಸಿ, ಬೇರೆ ಕಡೆ ಹೊಸದನ್ನೇ ಮಾಡಿಸುವುದೆಂದು ಊರಿನವರು ತೀರ್ಮಾನಿಸಿದ್ದರು.

"ಕರಗಿಸ್ತೀವಿ ಅಂದಾಗಿಂದ ಮಾವ ಸರಿಯಾಗಿ ಊಟ ಮಾಡ್ತಿಲ್ಲ ಅಕ್ಕ. ಇಂಥ ಮಕರ ಇನ್ನು ಯಾರೂ ಮಾಡಾಕಿಲ್ಲ ಅಂತಾರೆ."

ಅವಳು ಡಿಪ್ಲೊಮಾ ಓದಿದವಳು. ವಿಡಿಯೊಗಳನ್ನು ನೋಡಿ ಒಂದು ದಾರಿ ಕಂಡುಕೊಂಡಿದ್ದಳು. ಇರುವ ಬಲಭಾಗವನ್ನು ಸುತ್ತಲಿಂದ ಫೋಟೊ ತೆಗೆದರೆ, ಆ ಫೋಟೊಗಳನ್ನು ಜೋಡಿಸಿ ವಸ್ತುವಿನ ಆಕಾರವನ್ನೇ ಕಂಪ್ಯೂಟರಿನಲ್ಲಿ ಕಟ್ಟುವ ಉಚಿತ ತಂತ್ರಾಂಶವಿದೆ. ಆ ಆಕಾರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಎಡಭಾಗ ಸಿಗುತ್ತದೆ. ಮೈಸೂರಿನಲ್ಲಿ ಒಡವೆಯ ಅಚ್ಚು ಮಾಡುವವರ ಬಳಿ ಅದನ್ನು ಮೇಣದಂಥ ವಸ್ತುವಿನಲ್ಲಿ ಮುದ್ರಿಸುವ ಯಂತ್ರವಿದೆ. ಅಚ್ಚು ಕೈಗೆ ಬಂದರೆ, ಅದಕ್ಕೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಎರಕ ಹೊಯ್ಯುವುದು ಮನೆಯದೇ ಕೆಲಸ. ಎಲ್ಲ ಸರಿಯೇ, ಆದರೆ ಅವಳ ಕಂಪ್ಯೂಟರು ಅರ್ಧಕ್ಕೇ ನಿಂತು ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುತ್ತಿತ್ತು.

ನಾನು ಬೆಂಚಿನ ಮೇಲಿನ ಸಾಮಾನು ಸರಿಸಿ ಅವಳನ್ನು ಕೂರಿಸಿ, ಎರಡು ಕಾರ್ಡುಗಳ ವಿವರವನ್ನು ಸಾಲುಸಾಲಾಗಿ ಓದತೊಡಗಿದೆ.

ಒಂದರಲ್ಲಿ ನಾಲ್ಕು ಜಿಬಿ ಮೆಮೊರಿ, ಇನ್ನೊಂದರಲ್ಲಿ ಎಂಟು. ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಅವು ನಾಲ್ಕರ ಕಾರ್ಡು, ಎಂಟರ ಕಾರ್ಡು ಎಂದೇ ಆದವು. ಎಂಟರದ್ದರಲ್ಲಿ ಲೆಕ್ಕ ಮಾಡುವ ಕೋರುಗಳ ಸಂಖ್ಯೆಯೂ ಹೆಚ್ಚು. ನೋಡಿದವರು ಅದಕ್ಕೇ ಕೈಹಾಕುತ್ತಾರೆ. ಆದರೆ ಎರಡೂ ಬೇರೆ ಬೇರೆ ಕಂಪನಿಯವು. ಒಂದು ಕಂಪನಿಯ ಕೋರನ್ನು ಇನ್ನೊಂದರ ಕೋರಿನ ಜೊತೆ ಎಣಿಸಿ ನೋಡುವುದು, ಒಬ್ಬರ ಹುಲ್ಲಿನ ಹೊರೆಯನ್ನು ಇನ್ನೊಬ್ಬರ ಹೊರೆಯ ಜೊತೆ ಎಣಿಸಿದ ಹಾಗೆ. ಹೊರೆ ಎಷ್ಟು ಎನ್ನುವುದಕ್ಕಿಂತ ಎಷ್ಟು ದಪ್ಪ ಎನ್ನುವುದು ಮುಖ್ಯ. ಅದು ಕಾಗದದಲ್ಲಿ ಇರುವುದಿಲ್ಲ. ನಾನು ಆ ಸಾಲು ಬಿಟ್ಟು ಕೆಳಗೆ ಹೋದೆ. ಎಂಟರ ಕಾರ್ಡಿಗೆ ಪವರ್ ಸಪ್ಲೈಯಿಂದ ಪ್ರತ್ಯೇಕ ವೈರು ಬೇಕು. ನಾಲ್ಕರದ್ದು ಮದರ್‌ಬೋರ್ಡಿನ ಸ್ಲಾಟಿನಿಂದ ಸಿಗುವ ಎಪ್ಪತ್ತೈದು ವ್ಯಾಟಿನೊಳಗೇ ನಡೆಯುತ್ತದೆ. ಎಂಟರದ್ದು ಉದ್ದ, ದಪ್ಪ, ಎರಡು ಫ್ಯಾನು. ನಾಲ್ಕರದ್ದು ಗಿಡ್ಡ.

"ನಿಮ್ಮ ಕಂಪ್ಯೂಟರ್ ಯಾವುದು?"

"ಆಪೀಸಿಂದು, ಸೆಕೆಂಡ್ ಹ್ಯಾಂಡು. ಕರಿ ಬಣ್ಣದ್ದು."

ಅಷ್ಟರಿಂದ ಏನೂ ತಿಳಿಯುವಂತಿರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ನೋಡದೆ ಕಾರ್ಡು ಹೇಳುವುದಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ಅಷ್ಟು ದೂರ ಬಂದು ಬರಿಗೈಲಿ ಹೋಗಬೇಕಲ್ಲ. ಅಂಗಡಿಯ ರಜೆಯ ದಿನ ನಾನೇ ಬರುತ್ತೇನೆಂದು ಹೇಳಿ ಕಳಿಸಿದೆ.

ನಾಗಮಂಗಲದ ಆ ಮನೆಯ ಹಿತ್ತಿಲಿನಲ್ಲಿ ತಗಡಿನ ಶೆಡ್ಡು. ಒಳಗೆ ಕುಲುಮೆ, ಮಣ್ಣಿನ ಗುಡ್ಡೆ, ಲೋಹ ಕರಗಿಸುವ ಮೂಸೆಗಳು, ಕೆಲವು ಒಡೆದವು. ಕಂಪ್ಯೂಟರನ್ನು ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಇಟ್ಟಿದ್ದರು. ಮುಚ್ಚಳ ತೆಗೆದಾಗ ಒಳಗೆಲ್ಲ ನುಣ್ಣನೆಯ ಮಣ್ಣು ಪೌಡರಿನ ಹಾಗೆ ಕೂತಿತ್ತು. ಅದನ್ನು ಊದಿ, ಬ್ರಷ್ಷಿನಲ್ಲಿ ಕೆರೆದು ತೆಗೆದ ಮೇಲೆ ವಿಷಯ ಗೊತ್ತಾಯಿತು. ಅದು ಕಚೇರಿಗಳ ಸಣಕಲು ಪೆಟ್ಟಿಗೆ. ಎಂಟರ ಕಾರ್ಡು ಅದರಲ್ಲಿ ನಿಲ್ಲುವ ಮಾತಿರಲಿ, ಮಲಗುವುದಕ್ಕೂ ಜಾಗವಿಲ್ಲ. ಪವರ್ ಸಪ್ಲೈ ಇನ್ನೂರ ನಲವತ್ತು ವ್ಯಾಟಿನದು, ಕಾರ್ಡಿಗೆ ಕೊಡುವ ವೈರೇ ಇಲ್ಲ. ಬದಲಾಯಿಸೋಣವೆಂದರೆ ಬೋರ್ಡಿನ ಸಾಕೆಟ್ಟು ಆ ಕಂಪನಿಯದೇ ಅಳತೆ. ಮಾರುಕಟ್ಟೆಯ ಪವರ್ ಸಪ್ಲೈ ನೇರವಾಗಿ ಕೂರುವುದಿಲ್ಲ.

ನಾನು ಮಂಡಿಯೂರಿ ಅಳತೆ ತೆಗೆಯುತ್ತಿದ್ದಾಗ ಮನೆಯ ಯಜಮಾನರು, ಅವಳ ಮಾವ, ಬಂದು ಬಾಗಿಲಲ್ಲಿ ನಿಂತರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಹೊಟ್ಟೆಗೆ ಒತ್ತಿಕೊಂಡಿದ್ದರು.

"ಏನವ್ವ, ಆಯ್ತದಾ?"

"ದೊಡ್ಡ ಕಾರ್ಡು ಇದ್ರಲ್ಲಿ ಹಿಡಿಯಲ್ಲ ಯಜಮಾನ್ರೇ. ಚಿಕ್ಕದು ಹಿಡೀಬಹುದು."

"ಚಿಕ್ಕದ್ರಲ್ಲಿ ಕೆಲ್ಸ ಆಯ್ತದಾ ಅಂತ ಕೇಳ್ದೆ."

"ನೋಡ್ದೆ ಹೇಳಕ್ಕಾಗಲ್ಲ."

ಅವರು ತಲೆದೂಗಿ ಶೆಡ್ಡಿಗೆ ಕರೆದುಕೊಂಡು ಹೋದರು. ಗೋಣಿಚೀಲದ ಮೇಲೆ ಪ್ರಭಾವಳಿ ಮಲಗಿತ್ತು, ಮೊಳಕ್ಕಿಂತ ತುಸು ಎತ್ತರ. ಮಕರದ ಮೈಮೇಲೆ ಮೀನಿನ ಹುರುಪೆಯಂತೆ ಸಣ್ಣ ಸಣ್ಣ ಪದರ; ಪ್ರತಿ ಪದರದ ಅಂಚಿಗೂ ಒಂದು ಗೀರು. ಪಕ್ಕದಲ್ಲಿ ಒಂದು ತಟ್ಟೆಯ ತುಂಬ ಮೇಣದ ತುಂಡುಗಳಿದ್ದವು. ಎಡಗೈಯಲ್ಲಿ ಕೆತ್ತಲು ನೋಡಿದ್ದರಂತೆ. ನಾನು ಆ ತಟ್ಟೆಯನ್ನು ನೋಡುತ್ತಿರುವುದು ಕಂಡು ಅವರು ಅದನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಯಾರು ಮಾಡುದ್ರೋ ಗೊತ್ತಿಲ್ಲ ಕಣವ್ವ. ನಮ್ಮೋರೇ ಅಂತ ಯೋಳಾಕೂ ಆಗಾಕಿಲ್ಲ. ಕೆಲ್ಸ ಬಲ್ಲೋನು. ಇದ ಮೂಸೆಗಾಕಿ ಕರಗ್ಸು ಅಂದ್ರೆ ಎಂಗವ್ವ ಕರಗ್ಸಾದು?"

ಎಂಟರ ಕಾರ್ಡಿಗೆ ಪೆಟ್ಟಿಗೆ, ಬೋರ್ಡು, ಪವರ್ ಸಪ್ಲೈ ಎಲ್ಲವೂ ಹೊಸದಾಗಬೇಕು. ಅದಕ್ಕೂ ಸಿದ್ಧವೆಂದು ಸೊಸೆ ಹೇಳಿದಳು, ಕೆಲಸ ಖಂಡಿತ ಆಗುವುದಾದರೆ. ಆ ಖಂಡಿತವನ್ನು ನಾನು ಕೊಡುವಂತಿರಲಿಲ್ಲ. ಹಾಗಾಗಿ ಕೊಳ್ಳುವ ಮೊದಲು ಎರಡನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡೋಣ ಎಂದೆ. ಅವಳು ತೆಗೆದಿದ್ದ ಫೋಟೊಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಹೊರಟೆ.

ಎಂಟರ ಕಾರ್ಡು ಪಾಂಡವಪುರದ ಸ್ಟುಡಿಯೊ ಒಂದರಲ್ಲಿತ್ತು. ಆ ಯಂತ್ರವನ್ನು ಜೋಡಿಸಿ ಕೊಟ್ಟವಳು ನಾನೇ. ಸ್ಟುಡಿಯೊದ ಮಾಲೀಕ ನನ್ನನ್ನು ನೋಡಿದ ಕೂಡಲೇ, "ಏನಕ್ಕ, ಸರ್ವೀಸ್ಗೆ ಕರೀದಲೇ ಬಂದ್ಬುಟ್ರಿ?" ಎಂದ. ವಿಷಯ ಹೇಳಿದೆ. ಮಧ್ಯಾಹ್ನದವರೆಗೆ ಯಂತ್ರ ನನ್ನದೆಂದು ಕುರ್ಚಿ ಬಿಟ್ಟುಕೊಟ್ಟ.

ತಂತ್ರಾಂಶ ಹಾಕಿ, ಫೋಟೊ ತುಂಬಿ, ಶುರು ಮಾಡಿದೆ. ಮೊದಲ ಹಂತಗಳು ಸರಸರ ನಡೆದವು. ಪ್ರತಿ ಫೋಟೊದಲ್ಲೂ ಗುರುತಿನ ಬಿಂದುಗಳನ್ನು ಹುಡುಕುವುದು, ಒಂದರಲ್ಲಿದ್ದ ಬಿಂದು ಇನ್ನೊಂದರಲ್ಲಿ ಎಲ್ಲಿದೆಯೆಂದು ಹೊಂದಿಸುವುದು. ಪರದೆಯ ಮೇಲೆ ಚುಕ್ಕಿಗಳ ಮೋಡದಲ್ಲಿ ಪ್ರಭಾವಳಿಯ ಕಮಾನು ಮಸುಕಾಗಿ ಕಂಡಿತು. ಮುಂದಿನದು ಮುಖ್ಯ ಹಂತ: ಪ್ರತಿ ಬಿಂದು ಎಷ್ಟು ಆಳದಲ್ಲಿದೆಯೆಂದು ಲೆಕ್ಕ ಹಾಕುವುದು. ಅಲ್ಲಿಗೆ ಬರುತ್ತಿದ್ದಂತೆ ಕೆಂಪು ಸಾಲು ಮೂಡಿ ನಿಂತುಹೋಯಿತು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಹೊಸದಾಗಿ ಹಾಕಿದೆ. ಮತ್ತೆ ಅದೇ. ತಂತ್ರಾಂಶದ ಸಹಾಯದ ಪುಟಗಳನ್ನು ಓದಿದಾಗ ಕಾರಣ ಸಿಕ್ಕಿತು. ಆಳದ ಲೆಕ್ಕವನ್ನು ಅದನ್ನು ಬರೆದವರು ಒಂದೇ ಕಂಪನಿಯ ಕಾರ್ಡುಗಳ ಭಾಷೆಯಲ್ಲಿ ಬರೆದಿದ್ದರು. ನಾಲ್ಕರ ಕಾರ್ಡಿಗೆ ಆ ಭಾಷೆ ಬರುತ್ತದೆ. ಎಂಟರದ್ದಕ್ಕೆ ಬರುವುದಿಲ್ಲ. ಇದು ಕಾರ್ಡಿನ ದೋಷವಲ್ಲ; ಅದೇ ಕಾರ್ಡಿನಲ್ಲಿ ಸ್ಟುಡಿಯೊದವನು ದಿನವೂ ಮದುವೆ ವಿಡಿಯೊ ಕತ್ತರಿಸುತ್ತಾನೆ. ನಮ್ಮ ಕೆಲಸಕ್ಕೆ ಮಾತ್ರ ಅದರ ಎಂಟು ಜಿಬಿ ಇದ್ದೂ ಇಲ್ಲದ ಹಾಗೆ. ಫೋನಿನಲ್ಲಿ ಅಕ್ಕಪಕ್ಕ ಇಟ್ಟಿದ್ದ ಆ ವಿವರಗಳಲ್ಲಿ ಈ ಸಾಲು ಇರಲಿಲ್ಲ.

ಮೈಸೂರಿನ ಸಗಟು ಅಂಗಡಿಯವರಿಂದ ನಾಲ್ಕರ ಕಾರ್ಡನ್ನು ತರಿಸಿದೆ. ಸರಿಹೋಗದಿದ್ದರೆ ಒಂದು ವಾರದೊಳಗೆ ಹಿಂದಕ್ಕೆ ಕೊಡಬಹುದೆಂಬ ಮಾತಾಯಿತು. ಡಬ್ಬಿಯಲ್ಲಿ, ಸಣಕಲು ಪೆಟ್ಟಿಗೆಯಲ್ಲಿ ಕಾರ್ಡನ್ನು ಬಿಗಿಯಲೆಂದೇ, ಗಿಡ್ಡ ತಗಡಿನ ಪಟ್ಟಿಯೂ ಇತ್ತು. ಕಾರ್ಡನ್ನು ನನ್ನ ಬೆಂಚಿನ ಮೇಲಿನ ತೆರೆದ ಬೋರ್ಡಿಗೆ ಸಿಕ್ಕಿಸಿದೆ. ಸೊಸೆಯೂ ಬಂದಿದ್ದಳು. ಈ ಸಲ ಆಳದ ಲೆಕ್ಕ ಶುರುವಾಯಿತು. ಅವಳು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಪರದೆಯ ಇನ್ನೊಂದು ಕಿಟಕಿಯಲ್ಲಿ ಕಾರ್ಡಿನ ಮೆಮೊರಿ ತುಂಬುವುದು ಕಾಣುತ್ತಿತ್ತು. ಮೂರು ದಾಟಿತು, ನಾಲ್ಕರ ಗೆರೆ ಮುಟ್ಟಿತು, ಮೆಮೊರಿ ಸಾಲದೆಂದು ಹೇಳಿ ನಿಂತಿತು.

ಫೋಟೊಗಳ ಅಳತೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿದೆ. ಸಂಜೆಯ ಹೊತ್ತಿಗೆ ಆಕಾರವೇನೋ ಬಂತು. ಆದರೆ ಮಕರದ ಮೈ ಬಚ್ಚಲಲ್ಲಿ ಸವೆದ ಸೋಪಿನ ಹಾಗಿತ್ತು. ಹುರುಪೆಯೂ ಇಲ್ಲ, ಗೀರೂ ಇಲ್ಲ. ಅವಳು ಅದನ್ನು ಅತ್ತಿತ್ತ ತಿರುಗಿಸಿ ನೋಡಿದಳು.

"ಮಾವ ಒಪ್ಪಾಕಿಲ್ಲ ಅಕ್ಕ. ಒಪ್ಪುದ್ರೂ ನಂಗೇ ಮನ್ಸಿಲ್ಲ."

ಸಗಟು ಅಂಗಡಿಯವನಿಗೆ ಫೋನು ಮಾಡಿದೆ. ಅದೇ ಕಂಪನಿಯ ದೊಡ್ಡ ಕಾರ್ಡು ಕೊಡುತ್ತೇನೆ, ಇದನ್ನು ಹಿಂದಕ್ಕೆ ಕಳಿಸಿ ಎಂದ. ಅದರ ಬೆಲೆಯೇ ದುಪ್ಪಟ್ಟು, ಅದರ ಮೇಲೆ ಹೊಸ ಪೆಟ್ಟಿಗೆ, ಬೋರ್ಡು; ಎಲ್ಲ ಸೇರಿದರೆ ಅವಳಿಂದ ಆಗುವ ಮಾತಾಗಿರಲಿಲ್ಲ. ಫೋಟೊಗಳನ್ನು ಬೆಂಗಳೂರಿಗೆ ಕಳಿಸಿ ಬೇರೆಯವರಿಂದ ಮಾಡಿಸಬಹುದು ಎಂದೆ.

"ಇದೊಂದ್ನ ಮಾಡುಸ್ಬೌದು. ಮುಂದುಕ್ಕೆ?" ಎಂದು ಕೇಳಿದಳು. "ಮಾವುನ್ ಕೈ ಸರಿಹೋಯ್ತದೆ ಅಂತ ಡಾಕ್ಟ್ರು ಯೋಳಿಲ್ಲ ಅಕ್ಕ. ಇದ ನಾನು ಕಲೀದಿದ್ರೆ ಕುಲ್ಮೆ ಮುಚ್ಬೇಕಾಯ್ತದೆ."

ನಾನು ಅವಳ ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕೂತೆ. ಅಷ್ಟು ದಿನ ಅವುಗಳನ್ನು ಯಂತ್ರಕ್ಕೆ ತುಂಬುವ ಸಾಮಾನಾಗಿ ಎಣಿಸಿದ್ದೆನೇ ಹೊರತು ಕಣ್ಣಿಟ್ಟು ನೋಡಿರಲಿಲ್ಲ. ಪ್ರತಿ ಫೋಟೊದಲ್ಲೂ ಇಡೀ ಪ್ರಭಾವಳಿ ನಡುವೆ ನಿಂತಿತ್ತು. ಸುತ್ತ ಶೆಡ್ಡಿನ ಗೋಡೆ, ಗೋಡೆಗೆ ಒರಗಿಸಿದ ಗುದ್ದಲಿ, ನೀರಿನ ಡ್ರಮ್ಮು. ಅಳೆದು ನೋಡಿದರೆ ಚಿತ್ರದ ಬಹುಪಾಲು ಗೋಡೆಯೇ. ಪ್ರಭಾವಳಿಯಲ್ಲೂ ಮುರಿದ ಎಡಭಾಗ ನಮಗೆ ಬೇಕಿಲ್ಲ. ಮಕರದ ಪಾಲಿಗೆ ಬಂದದ್ದು ಒಂದು ಮೂಲೆ. ಕಾರ್ಡಿನ ನಾಲ್ಕು ಜಿಬಿ ಗೋಡೆಯ ಆಳ ಲೆಕ್ಕ ಹಾಕುವುದರಲ್ಲೇ ಖರ್ಚಾಗುತ್ತಿತ್ತು.

"ಹತ್ರದಿಂದ ತೆಗೆದ್ರೆ?" ಎಂದೆ. "ಇಡೀದು ಬೇಡ. ಮಕರ ಒಂದೇ. ಫೋಟೊ ಅಳತೆ ಅರ್ಧ ಇರಲಿ, ಆದ್ರೆ ಚಿತ್ರದ ತುಂಬ ಮಕರವೇ ಇರಲಿ."

ಅವಳಿಗೆ ತಕ್ಷಣ ಹೊಳೆಯಿತು. "ಆಮೇಕೆ ಬಳ್ಳಿ ಕೆಳಗ್ಲುದು ಬೇರೆ, ಮೇಗ್ಲುದು ಬೇರೆ. ತುಂಡುತುಂಡು ಮಾಡಿ ಕೊನೇಲಿ ಕೂಡ್ಸಾದು."

"ಕೂಡಿಸೋ ಕಡೆ ಸಂದು ಕಾಣುತ್ತೆ."

"ಕಾಣ್ಲಿ. ಮೈಸೂರ್ ಮಿಸನ್ನೂ ಇಡೀದ ಒಂದೇ ಸಲ ಮಾಡಾಕಿಲ್ಲ. ಎಂಗಿದ್ರೂ ತುಂಡೇ."

ಮಾರಾಟ ಮಾಡುವವಳಾಗಿ ನಾನು ಹೇಳಬೇಕಾದ್ದನ್ನು ಹೇಳಿದೆ. ಈ ಕಾರ್ಡು ಮುಂದೆ ಎಲ್ಲ ಕೆಲಸಕ್ಕೂ ಸಾಲುತ್ತದೆಂಬ ಭರವಸೆ ಇಲ್ಲ. ನಾನು ರಜೆಯ ದಿನ ಬಂದು ಕಾರ್ಡು ಕೂರಿಸಿ, ಹೊಸದಾಗಿ ಫೋಟೊ ತೆಗೆದು ನೋಡುವಷ್ಟರಲ್ಲಿ ಹಿಂದಿರುಗಿಸುವ ವಾರ ಮುಗಿದಿರುತ್ತದೆ. ಆಮೇಲೆ ಆಗದಿದ್ದರೆ ಕಾರ್ಡು ಅವಳ ಹತ್ತಿರವೇ ಉಳಿಯುತ್ತದೆ.

"ನೀವಾಗಿದ್ರೆ ಏನ್ ಮಾಡ್ತಿದ್ರಿ ಅಕ್ಕ?"

ಗಿರಾಕಿಗಳು ಈ ಪ್ರಶ್ನೆ ಕೇಳಿದಾಗ ನಾನು ಸಾಮಾನ್ಯವಾಗಿ ನುಣುಚಿಕೊಳ್ಳುತ್ತೇನೆ. ಅಂದು ನುಣುಚಿಕೊಳ್ಳಲಿಲ್ಲ. "ಇಟ್ಕೊಳ್ತಿದ್ದೆ," ಎಂದೆ. ಅವಳು ಕಾರ್ಡನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡಳು.

ಕಾರ್ಡು ಕೂರಿಸಲು ನಾನೇ ನಾಗಮಂಗಲಕ್ಕೆ ಹೋದೆ. ಸಣಕಲು ಪೆಟ್ಟಿಗೆಯಲ್ಲಿ ಅದು ಸರಿಯಾಗಿ ಕೂತಿತು, ಆದರೆ ಉಸಿರಾಡಲು ಜಾಗವಿರಲಿಲ್ಲ. ಮುಚ್ಚಳ ಹಾಕಿದರೆ ಶಾಖ ಏರಿ ಕಾರ್ಡು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಮುಚ್ಚಳ ತೆಗೆದರೆ ಕುಲುಮೆಯ ಧೂಳು. ಕೊನೆಗೆ ಪೆಟ್ಟಿಗೆಯನ್ನು ಶೆಡ್ಡಿನ ಪಕ್ಕದ ಕೋಣೆಯಿಂದ ಎತ್ತಿ ಮನೆಯ ಮುಂಭಾಗದ ಜಗಲಿಯ ಕೋಣೆಗೆ ತಂದು, ಮುಚ್ಚಳ ತೆಗೆದು, ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟೆವು. ಕರೆಂಟು ಹೋದರೆ ಕೆಲಸ ಕೆಡಬಾರದೆಂದು ಯುಪಿಎಸ್ ಹಾಕಿದೆ. ಅದು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ. ಅಷ್ಟರಲ್ಲಿ ಯಂತ್ರವನ್ನು ಸರಿಯಾಗಿ ಆರಿಸುವುದು ಹೇಗೆಂದು ಸೊಸೆಗೆ ತೋರಿಸಿದೆ. ತಂತ್ರಾಂಶ ಹಂತಹಂತವಾಗಿ ಉಳಿಸಿಕೊಳ್ಳುವುದರಿಂದ ಮುಗಿದ ಹಂತ ಕಳೆದುಹೋಗುವುದಿಲ್ಲ.

ಫೋಟೊ ತೆಗೆಯುವಾಗ ಇನ್ನೊಂದು ತೊಡಕು ಎದುರಾಯಿತು. ಹತ್ತಿರದಿಂದ ತೆಗೆದರೆ ಲೋಹದ ಹೊಳಪು ಕಣ್ಣಿಗೆ ಹೊಡೆಯುತ್ತಿತ್ತು. ಜಾಗ ಬದಲಿಸಿದ ಹಾಗೆ ಹೊಳಪೂ ಜರುಗುತ್ತದೆ. ತಂತ್ರಾಂಶ ಅದನ್ನೇ ಗುರುತೆಂದು ನಂಬಿ ದಾರಿ ತಪ್ಪುತ್ತದೆ. ಸೊಸೆ ಸೀಮೆಸುಣ್ಣ ಅರೆದು, ಬಟ್ಟೆಯಲ್ಲಿ ಕಟ್ಟಿ, ಮಕರದ ಮೇಲೆ ತಟ್ಟಿದಳು. ಮೈ ಬೂದು ಬಣ್ಣಕ್ಕೆ ತಿರುಗಿ ಹೊಳಪು ಅಡಗಿತು. ಯಜಮಾನರು ಎಡಗೈಯಲ್ಲಿ ಬಿಳಿ ಪಂಚೆಯ ಒಂದು ತುದಿ ಹಿಡಿದರು, ಮಗ ಇನ್ನೊಂದು ತುದಿ. ಬಿಸಿಲು ಪಂಚೆಯೊಳಗಿಂದ ಸೋಸಿ ಬರುವಂತೆ ಮಾಡಿ, ಸೊಸೆ ಸುತ್ತ ಸುತ್ತಿ ಫೋಟೊ ತೆಗೆದಳು. ಪಂಚೆ ಜಗ್ಗಿದಾಗ ಮಗ, "ಅಪ್ಪ, ಕೈ ನೋವಾಯ್ತದಾ? ನಾನೊಬ್ನೇ ಇಡ್ಕತೀನಿ," ಎಂದ. "ನೀನು ನಿನ್ ಕಡೆ ಸರ್ಯಾಗಿ ಇಡ್ಕಳ್ಲಾ," ಎಂದರು ಯಜಮಾನರು.

ನಾನು ಸಂಜೆಯ ಬಸ್ಸಿಗೆ ವಾಪಸು ಬಂದೆ. ಮಾರನೆಯ ದಿನ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಟ್ಟುಕೊಂಡಿದ್ದಾಗ ಅವಳಿಂದ ಒಂದು ಚಿತ್ರ ಬಂತು. ಕಂಪ್ಯೂಟರ್ ಪರದೆಯ ಫೋಟೊ. ಮಕರ. ಹುರುಪೆ ಎಣಿಸಬಹುದಿತ್ತು. ಪ್ರತಿ ಹುರುಪೆಯ ಅಂಚಿನ ಗೀರೂ ಇತ್ತು. ಮಸಿಗೈಯಲ್ಲಿ ಫೋನು ಹಿಡಿದುಕೊಂಡು ಅದನ್ನು ನಾನು ಬಹಳ ಹೊತ್ತು ನೋಡಿದೆ. ಪ್ರಿಂಟರ್ ರಿಪೇರಿಗೆ ಕೊಟ್ಟಿದ್ದವರು ಬಂದು ಎದುರಿಗೆ ನಿಂತಿದ್ದರು. ಅದೇನು ಮೇಡಂ ಎಂದು ಕೇಳಿದರು. ಅವರಿಗೂ ತೋರಿಸಿದೆ.

ಮಿಕ್ಕ ತುಂಡುಗಳು ಅಷ್ಟು ಸಲೀಸಾಗಿ ಬರಲಿಲ್ಲ. ಜ್ವಾಲೆಯ ಬಳ್ಳಿ ತೆಳುವಾದ್ದರಿಂದ ಅಲ್ಲಲ್ಲಿ ಹರಿದುಹೋದ ಹಾಗೆ ಬಂತು. ಹಿಂಬದಿಯಿಂದ ಇನ್ನಷ್ಟು ಫೋಟೊ ತೆಗೆದು ಮತ್ತೆ ಓಡಿಸಬೇಕಾಯಿತು. ಒಂದು ಸಲ ಯಾರೋ ಟೇಬಲ್ ಫ್ಯಾನ್ ಆರಿಸಿ, ಯಂತ್ರ ಬಿಸಿಯಾಗಿ ನಿಂತುಹೋಗಿ, ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತಂತೆ. ಅಂತೂ ತುಂಡುಗಳೆಲ್ಲ ಸೇರಿದವು. ಕನ್ನಡಿಯಂತೆ ತಿರುಗಿಸಿ, ಎಡಗಂಬದ ಮೇಲಿನ ಮುರಿದ ಅಂಚಿಗೆ ಹೊಂದಿಸಿ, ಎರಕ ತಣಿಯುವಾಗ ಲೋಹ ಕುಗ್ಗುತ್ತದಲ್ಲ, ಅದಕ್ಕಾಗಿ ಅಳತೆಯನ್ನು ತುಸು ಹಿಗ್ಗಿಸಿ, ಸೊಸೆ ಮೈಸೂರಿಗೆ ಕಳಿಸಿದಳು. ಎಷ್ಟು ಹಿಗ್ಗಿಸಬೇಕೆಂದು ಹೇಳಿದವರು ಮಾವ.

ಅಚ್ಚಿನ ತುಂಡುಗಳು ಬಂದ ದಿನ ಯುಪಿಎಸ್ಸಿನ ಬ್ಯಾಟರಿ ಬದಲಿಸಲೆಂದು ನಾನು ಅಲ್ಲಿಗೆ ಹೋಗಿದ್ದೆ. ಹತ್ತಿಯಲ್ಲಿ ಸುತ್ತಿದ ನೀಲಿ ಬಣ್ಣದ ತುಂಡುಗಳು, ಬೆರಳಿನಲ್ಲಿ ಒತ್ತಿದರೆ ಮುರಿಯುವಂಥವು. ಯಂತ್ರಕ್ಕೆ ದೊಡ್ಡದಾಯಿತೆಂದು ಮಕರವೂ ಎರಡು ತುಂಡಾಗಿ ಬಂದಿತ್ತು. ಜೋಡಿಸಿ ನೋಡಿದಾಗ ಸಂದಿನಲ್ಲಿ ಕೂದಲೆಳೆಯಷ್ಟು ಏರುಪೇರು ಕಾಣಿಸಿತು. ಕಂಪ್ಯೂಟರಿನಲ್ಲೇ ಅದನ್ನು ನಯ ಮಾಡಲು ಅವಳು ನೋಡಿದ್ದಳು, ಆದರೆ ನಯವಾದ ಕಡೆ ಹುರುಪೆಯೂ ಅಳಿಸಿಹೋಗುತ್ತಿತ್ತು. ಸಂದಿಗೆ ಮೇಣ ತುಂಬಿ, ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಹುರುಪೆಯ ಗೆರೆಗಳನ್ನು ಕೈಯಲ್ಲೇ ಎಳೆಯಬೇಕು.

ಅವಳು ತುಂಡುಗಳಿದ್ದ ಹಲಗೆಯನ್ನು ತಂದು ಮಾವನ ಮುಂದೆ ಇಟ್ಟಳು.

"ಮಾವ, ಇದು ನನ್ ಕೈಲಿ ಆಗಾಕಿಲ್ಲ."

ಅವರು ಹಲಗೆಯನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. "ಈ ಕೈಲೇನವ್ವ?"

"ಆ ಕೈಲಿ ಬ್ಯಾಡ. ಎಡುಗೈಲಿ ಮಾಡಿ. ತುಂಡ ನಾನು ಇಡ್ಕತೀನಿ."

ಅವರು ಮಗನಿಗೆ ಕಡ್ಡಿ ಕಾಯಿಸಲು ಹೇಳಿದರು. ಸೊಸೆ ಎರಡು ತುಂಡುಗಳನ್ನು ಕೂಡಿಸಿ ಹಿಡಿದಳು. ಯಜಮಾನರು ಎಡಗೈಯಲ್ಲಿ ಕಡ್ಡಿ ತೆಗೆದುಕೊಂಡು, ಮೇಣದ ಉಂಡೆಗೆ ಮುಟ್ಟಿಸಿ, ಸಂದಿಗೆ ಹನಿ ಬಿಟ್ಟರು. ಒಂದು ಗೆರೆ ಎಳೆದರು, ಇನ್ನೊಂದು ಎಳೆದರು. ಮೂರನೆಯದಕ್ಕೆ ಕೈ ಜಾರಿತು. ಕಡ್ಡಿ ಮಕರದ ಬೆನ್ನಿನ ಮೇಲೆ ಹಾದು ಒಂದು ಸಾಲು ಹುರುಪೆ ಕರಗಿ ನೀರಾಯಿತು.

ಅವರು ಕಡ್ಡಿಯನ್ನು ನೆಲಕ್ಕೆ ಹಾಕಿಬಿಟ್ಟರು. ಅವರ ಮುಖ ನೋಡಲಾಗದೆ ನಾನು ಬ್ಯಾಟರಿಯ ಡಬ್ಬಿಯನ್ನು ನೋಡಿದೆ. ಅಷ್ಟು ದಿನದ ಲೆಕ್ಕ, ಫೋಟೊ, ಬಿಸಿ, ಕಾಯುವಿಕೆ ಎಲ್ಲ ಆ ಹನಿಯಲ್ಲಿ ಹೋದ ಹಾಗೆ ನನಗೂ ಅನ್ನಿಸಿತು. ಸೊಸೆ ಮಾತ್ರ ತುಂಡನ್ನು ಮೆಲ್ಲಗೆ ಹಲಗೆಗೆ ಇಳಿಸಿ, "ಮಾವ, ಪೈಲು ಅಂಗೇ ಅದೆ. ಪುನಾ ಆಕ್ಸಬೌದು," ಎಂದಳು.

"ಏನು?"

"ಈ ತುಂಡ್ನ. ಮೈಸೂರಿಗೆ ಯೋಳುದ್ರೆ ಇಂಥದೇ ಇನ್ನೊಂದು ಬತ್ತದೆ."

"ಅದೂ ಕೆಟ್ರೆ?"

"ಇನ್ನೊಂದು."

"ಎಷ್ಟ್ ಸಲ ಬೇಕಾದ್ರೂವಾ?"

"ಎಷ್ಟ್ ಸಲ ಬೇಕಾದ್ರೂವೆ."

ಅವರ ಕಾಲದಲ್ಲಿ ಮೇಣದ ಅಚ್ಚು ಕೆಟ್ಟರೆ ಮತ್ತೆ ಬುಡದಿಂದ ಕೆತ್ತಬೇಕಿತ್ತು. ಕೆಟ್ಟ ತುಂಡನ್ನು ಎತ್ತಿ ನೋಡಿದರು, ಹಲಗೆಯ ಮೇಲೆ ತಿರುಗಿಸಿಟ್ಟರು. ಆಮೇಲೆ ಮಗನನ್ನು ಕರೆದರು. "ಕಡ್ಡಿ ಕಾಯ್ಸ್ಲಾ. ಇದ್ರ ಮ್ಯಾಲೇ ಕೈ ಕುದುರ್ಲಿ."

ನಾನು ಬಸ್ಸಿಗೆ ಹೊರಟಾಗಲೂ ಅವರು ಆ ಕೆಟ್ಟ ತುಂಡಿನ ಮೇಲೆ ಗೆರೆ ಎಳೆಯುತ್ತಲೇ ಇದ್ದರು.

ಮಕರವನ್ನು ಮತ್ತೆ ಮುದ್ರಿಸಿ ತರಿಸಿದರೆಂದು ಕೇಳಿದೆ. ಬಳ್ಳಿಯ ಒಂದು ತುಂಡನ್ನೂ ತರಿಸಿದರಂತೆ. ನಡುವೆ ಒಂದು ಎರಕ ಹಾಳಾಯಿತು. ಅಚ್ಚಿನ ಮಣ್ಣು ಸರಿಯಾಗಿ ಒಣಗಿರಲಿಲ್ಲ. ಅದಕ್ಕೂ ಅಚ್ಚಿನ ಪ್ರತಿ ಮೈಸೂರಿನಿಂದಲೇ ಬಂತು, ಸಂದು ತೀಡುವ ಕೆಲಸ ಮಾತ್ರ ಮತ್ತೆ ಮೊದಲಿನಿಂದ. ಅಷ್ಟು ಹೊತ್ತಿಗೆ ಯಜಮಾನರು ಅದಕ್ಕೆ ಗೊಣಗುವುದನ್ನು ಬಿಟ್ಟಿದ್ದರು ಎಂದು ಸೊಸೆ ಫೋನಿನಲ್ಲಿ ಹೇಳಿದಳು. ನಾನು ಅವಳಿಗೆ ಧೂಳು ಊದುವುದನ್ನು ಮಾತ್ರ ಮರೆಯಬೇಡವೆಂದು ನೆನಪಿಸುತ್ತಿದ್ದೆ.

ಶ್ರಾವಣಕ್ಕೆ ಮೊದಲೇ ಊರಿನವರು ಪ್ರಭಾವಳಿ ತೆಗೆದುಕೊಂಡು ಹೋಗಲು ಬಂದರು. ಆ ದಿನ ಬರಬೇಕೆಂದು ಯಜಮಾನರು ನನಗೂ ಹೇಳಿ ಕಳಿಸಿದ್ದರು. ಹೊಸ ಭಾಗವನ್ನು ಕಂಬಕ್ಕೆ ಬೆಸೆದಾಗಿತ್ತು, ಎರಡರ ಬಣ್ಣವೂ ಹತ್ತಿರ ಬರುವಂತೆ ಹಳೆಯದನ್ನೂ ಹುಳಿ ಹಾಕಿ ತಿಕ್ಕಿದ್ದರು. ಊರಿನ ಹಿರಿಯರು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಎರಡೂ ಮಕರದ ಬಾಯಿಗೆ ಬೆರಳು ಹಾಕಿ ನೋಡಿದರು. "ಸರಿಯಾಗಿ ಅದೆ," ಎಂದರು ಅವರಲ್ಲೊಬ್ಬರು. ಅಷ್ಟೇ. ಕರಗಿಸುವ ಮಾತನ್ನು ಯಾರೂ ಎತ್ತಲಿಲ್ಲ. ಅವರು ಕಾಫಿ ಕುಡಿಯಲು ಜಗಲಿಗೆ ಹೋದರು.

ಯಜಮಾನರು ನನ್ನನ್ನು ಪ್ರಭಾವಳಿಯ ಹತ್ತಿರ ಕರೆದರು. "ಎಲ್ಲವ್ವ ಸಂದು? ಉಡ್ಕು ನೋಡಾನ."

ನಾನು ಮಕರದ ಕುತ್ತಿಗೆಯಿಂದ ಬೆರಳಾಡಿಸಿಕೊಂಡು ಬಂದೆ. ಬೆನ್ನಿನ ಹತ್ತಿರ ಒಂದು ಕಡೆ ಹುರುಪೆಗಳ ಸಾಲು ತುಸು ಓರೆಯಾಗಿತ್ತು. ಕಣ್ಣಿಗೆ ಬೀಳುವಂಥದ್ದಲ್ಲ, ಬೆರಳಿಗೆ ಸಿಗುವಂಥದ್ದು. ಹೇಳುವುದೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಹೇಳಿದೆ.

"ಇಲ್ಲಿ."

ಅವರು ಬಗ್ಗಿ, ತಮ್ಮ ಎಡಗೈಯ ಹೆಬ್ಬೆರಳನ್ನು ಅದೇ ಜಾಗದ ಮೇಲೆ ಆಡಿಸಿದರು.

"ಊಂ ಕಣವ್ವ, ಅದೇಯ. ಉಜ್ಜುದ್ರೆ ಉರುಪೆ ಓಯ್ತದೆ ಅಂತ ಅಂಗೇ ಬುಟ್ಟೆ," ಎಂದರು. "ಮುಂದಿನ್ ಕೆಲ್ಸದಲ್ಲಿ ಇದೂ ಇರಾಕಿಲ್ಲ ಬುಡು."